ಫಾರೆಸ್ಟ್ ಎಂದರೆ ಬರೀ ಕಾಡೇ? ಒಂದು ಇಂಗ್ಲಿಷ್ ಪದವನ್ನು ಅರಿತು ಬಳಸುವ ಸಮಗ್ರ ಮಾರ್ಗದರ್ಶಿ

ನಾನು ತುಮಕೂರು ತಾಲ್ಲೂಕಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಊರಿನವರು ಇಂಗ್ಲಿಷಿನ ಕಾಗದ ಏನಾದರೂ ಕೈಗೆ ಬಂದರೆ ಸಂಜೆ ಹೊತ್ತು ಮನೆಗೆ ತಂದು ಓದಿಸಿಕೊಂಡು ಹೋಗುವುದುಂಟು. ಹಾಗೆ ಒಂದು ದಿನ ಹಿರಿಯರೊಬ್ಬರು ವಕೀಲರು ಕೊಟ್ಟ ಕಾಗದ ಹಿಡಿದು ಬಂದರು. ಜಗುಲಿಯ ಮೇಲೆ ಕೂತು ಅವರು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮೇಷ್ಟ್ರೇ, ಇದ್ರಾಗೆ ನಮ್ಮ ಹೊಲಾನ ಫಾರೆಸ್ಟ್ ಲ್ಯಾಂಡ್ ಅಂತ ಬರ್ದವ್ರಂತೆ. ಬದುವಿನ ಮೇಲಿರೋ ಒಂದು ಬೇವಿನ ಮರ ಬಿಟ್ರೆ ಅಲ್ಲಿ ಇನ್ನೇನೈತೆ? ಹುರುಳಿ ಬೆಳೆಯೋ ನೆಲ ಹೆಂಗೆ ಫಾರೆಸ್ಟ್ ಆಯ್ತದೆ?"

ಅದೇ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ ಬರೆದಿದ್ದಳು: "ಮೈ ಗ್ರ್ಯಾಂಡ್‌ಮದರ್ ವೆಂಟ್ ಟು ಫಾರೆಸ್ಟ್ ಅಂಡ್ ಬ್ರಾಟ್ ವುಡ್ಸ್." ಅಜ್ಜಿ ಕಾಡಿಗೆ ಹೋಗಿ ಸೌದೆ ತಂದಳು ಎಂಬುದು ಅವಳ ಮನಸ್ಸಿನಲ್ಲಿದ್ದ ಮಾತು. ಇಂಗ್ಲಿಷಿನವನೊಬ್ಬ ಓದಿದರೆ ಅಜ್ಜಿ ಕಾಡಿಗೆ ಹೋಗಿ ಕಾಡನ್ನೇ ಹೊತ್ತು ತಂದಳು ಎಂದು ಅರ್ಥವಾಗುತ್ತಿತ್ತು.

ಹಿರಿಯರ ಪ್ರಶ್ನೆ, ಹುಡುಗಿಯ ತಪ್ಪು ಎರಡಕ್ಕೂ ಬೇರು ಒಂದೇ. ನಾವು ಶಾಲೆಯಲ್ಲಿ "ಫಾರೆಸ್ಟ್ ಎಂದರೆ ಕಾಡು" ಎಂದು ಒಂದು ಸಾಲು ಬಾಯಿಪಾಠ ಮಾಡಿಸಿ ಮುಂದೆ ಹೋಗಿಬಿಡುತ್ತೇವೆ. ಆ ಒಂದು ಸಾಲು ಸಾಲದು. ಈ ಪದವನ್ನು ನಾನು ಈಗ ತರಗತಿಯಲ್ಲಿ ಹೇಗೆ ಕಲಿಸುತ್ತೇನೋ ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿ, ಬಾಯಿಬಿಟ್ಟು ಹೇಳಿಕೊಂಡು, ಉದಾಹರಣೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದರೆ ಎರಡು ಸಂಜೆಯ ಕೆಲಸ.

ಹೆಜ್ಜೆ 1: ಬಾಯಿಗೆ ತಂದುಕೊಳ್ಳಿ

ನಮ್ಮ ಕಡೆ ಈ ಪದ "ಪಾರೆಸ್ಟು" ಆಗಿಬಿಟ್ಟಿದೆ. ಕನ್ನಡದಲ್ಲಿ ಮಾತಾಡುವಾಗ ಅದರಲ್ಲಿ ತಪ್ಪೇನಿಲ್ಲ. ಇಂಗ್ಲಿಷ್ ಮಾತಾಡುವಾಗ ಮಾತ್ರ ಎರಡು ತಿದ್ದುಪಡಿ ಬೇಕು. ಮೊದಲನೆಯದು, ಫ ಅಕ್ಷರಕ್ಕೆ ಎರಡು ತುಟಿ ಕೂಡಬಾರದು. ಮೇಲಿನ ಹಲ್ಲು ಕೆಳತುಟಿಯನ್ನು ಮೆಲ್ಲಗೆ ಮುಟ್ಟಿ ಗಾಳಿ ಹೊರಬರಬೇಕು. ಎರಡನೆಯದು, ಕೊನೆಯ ಉಕಾರ ಬಿಡಬೇಕು. ಒತ್ತು ಮೊದಲ ಭಾಗದ ಮೇಲೆ ಬಿದ್ದು ಎರಡನೆಯ ಭಾಗ ಸಣ್ಣದಾಗುತ್ತದೆ. ಬ್ರಿಟಿಷರ ಬಾಯಲ್ಲಿ ಅದು "ಫಾರಿಸ್ಟ್" ಎಂಬಂತೆ, ಅಮೆರಿಕದವರ ಬಾಯಲ್ಲಿ "ಫೋರಿಸ್ಟ್" ಎಂಬಂತೆ ಕೇಳುತ್ತದೆ.

"ವುಡ್" ಇನ್ನೂ ಕಷ್ಟ. ಇಲ್ಲಿ ಹಲ್ಲು ತುಟಿಯನ್ನು ಮುಟ್ಟುವಂತಿಲ್ಲ. ಸಿಳ್ಳೆ ಹಾಕುವಾಗ ಮಾಡುವಂತೆ ತುಟಿ ಗುಂಡಗೆ ಮಾಡಿ, ಉಕಾರವನ್ನು ಎಳೆಯದೆ ಹೇಳಬೇಕು. "ಐ ವುಡ್ ಲೈಕ್" ಎನ್ನುವಾಗಿನ "ವುಡ್", ಮರದ "ವುಡ್" ಎರಡರ ಉಚ್ಚಾರಣೆಯೂ ಒಂದೇ. ಬರೆಯುವ ಅಕ್ಷರ ಮಾತ್ರ ಬೇರೆ.

ಹೆಜ್ಜೆ 2: ಪದದ ಹುಟ್ಟೂರಿಗೆ ಹೋಗಿ ಬನ್ನಿ

ಈ ಹೆಜ್ಜೆಯನ್ನು ಯಾರೂ ದಾಟಿ ಹೋಗಬೇಡಿ. ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ.

ಲ್ಯಾಟಿನ್ ಭಾಷೆಯಲ್ಲಿ "ಫೋರಿಸ್" ಎಂದರೆ ಹೊರಗೆ. "ಸಿಲ್ವ" ಎಂದರೆ ಮರಗಾಡು. ಮಧ್ಯಯುಗದ ಲ್ಯಾಟಿನ್ನಿನಲ್ಲಿ "ಫೊರೆಸ್ಟಿಸ್ ಸಿಲ್ವ" ಎಂಬ ಮಾತು ಬಂತು: ಹೊರಗಿನ ಕಾಡು. ಮರವನ್ನು ಸೂಚಿಸುತ್ತಿದ್ದ "ಸಿಲ್ವ" ಕಾಲಕ್ರಮದಲ್ಲಿ ಬಿದ್ದುಹೋಗಿ, ಹೊರಗು ಎಂದು ಸೂಚಿಸುವ ಭಾಗ ಮಾತ್ರ ಉಳಿಯಿತು. ಅದೇ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ "ಫಾರೆಸ್ಟ್". ಪರದೇಶ ಎನ್ನುವ "ಫಾರಿನ್" ಕೂಡ ಇದೇ ಬೇರಿನ ಚಿಗುರು. ಹೀಗೆ ನೋಡಿದರೆ "ಫಾರೆಸ್ಟ್" ಎಂಬ ಪದದ ಒಡಲಲ್ಲಿ ಒಂದು ಮರವೂ ಇಲ್ಲ.

ನಮ್ಮ "ಅರಣ್ಯ"ದ ಕತೆಯೂ ಇದೇ ಎಂದು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಂಸ್ಕೃತದ "ಅರಣ" ಎಂದರೆ ದೂರದ್ದು, ಪರಕೀಯವಾದದ್ದು. ಅದರಿಂದ ಹುಟ್ಟಿದ್ದು "ಅರಣ್ಯ". ವೇದಕಾಲದವರು ಪಶುಗಳನ್ನೇ "ಗ್ರಾಮ್ಯ", "ಆರಣ್ಯ" ಎಂದು ಎರಡು ಪಾಲು ಮಾಡಿದ್ದರು: ಊರೊಳಗಿನವು, ಊರಾಚೆಯವು. ಕನ್ನಡದ "ಕಾಡು" ಸಹ ಯಾವಾಗಲೂ ಮರ ಬೇಡುವುದಿಲ್ಲ. "ಬೆಂಗಾಡು" ಎಂಬ ಪದ ನೋಡಿ. ಬೆಂದುಹೋದ, ಏನೂ ಬೆಳೆಯದ ಬಯಲು ಅದು. ಆದರೂ ಅದರೊಳಗೆ "ಕಾಡು" ಕೂತಿದೆ. ಲ್ಯಾಟಿನ್, ಸಂಸ್ಕೃತ, ಕನ್ನಡ ಮೂರಕ್ಕೂ ಊರಾಚೆಯ ನೆಲ ಎಂಬುದೇ ಮುಖ್ಯವಾಗಿತ್ತು.

ಇನ್ನು ಇಂಗ್ಲೆಂಡಿನ ಚರಿತ್ರೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಆ ದೇಶವನ್ನು ಗೆದ್ದ. ಬೇಟೆಯ ಹುಚ್ಚಿದ್ದ ಆ ದೊರೆ 1079ರ ಸುಮಾರಿಗೆ ದಕ್ಷಿಣದಲ್ಲಿ ದೊಡ್ಡದೊಂದು ಪ್ರದೇಶವನ್ನು ತನ್ನ ಬೇಟೆಗೆಂದು ಮೀಸಲಿಟ್ಟ. ಇಂದಿಗೂ ಅದರ ಹೆಸರು "ನ್ಯೂ ಫಾರೆಸ್ಟ್". ಅಂದಿನ ಇಂಗ್ಲಿಷಿನಲ್ಲಿ "ಫಾರೆಸ್ಟ್" ಎಂದರೆ ಅರಸನ ಅರಣ್ಯ ಕಾನೂನು ನಡೆಯುವ ಎಲ್ಲೆಯೊಳಗಿನ ನೆಲ. ಆ ಎಲ್ಲೆಯೊಳಗೆ ಹುಲ್ಲುಬಯಲು ಇರುತ್ತಿತ್ತು, ಜವುಗು ಇರುತ್ತಿತ್ತು, ಹೊಲ, ಹಳ್ಳಿ ಎಲ್ಲವೂ ಇರುತ್ತಿದ್ದವು. ಹಳ್ಳಿಗರು ಅಲ್ಲಿ ಜಿಂಕೆ ಕೊಲ್ಲುವಂತಿರಲಿಲ್ಲ, ಜಿಂಕೆಗೆ ಮೇವಾಗುವ ಹಸುರನ್ನು ಕಡಿಯುವಂತಿರಲಿಲ್ಲ. ಜನರ ಕಷ್ಟ ಎಷ್ಟಿತ್ತೆಂದರೆ, ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನ ಕಾರ್ಟ ಎಂಬ ಸನ್ನದು ಬಂದ ಎರಡೇ ವರ್ಷಕ್ಕೆ, 1217ರಲ್ಲಿ, ಅರಣ್ಯಕ್ಕಾಗಿಯೇ ಬೇರೆ ಸನ್ನದು ಹೊರಡಿಸಿ ದನ ಮೇಯಿಸುವ, ಸೌದೆ ಆಯುವಂಥ ಹಕ್ಕುಗಳನ್ನು ಒಪ್ಪಿಕೊಳ್ಳಬೇಕಾಯಿತು. ನಮ್ಮ ಗೋಮಾಳದ ವ್ಯಾಜ್ಯಗಳನ್ನು ಕಂಡವರಿಗೆ ಇದು ಪರಿಚಿತ ಸಂಗತಿಯೇ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ "ಡೀರ್ ಫಾರೆಸ್ಟ್" ಎಂದು ಕರೆಯುವ ಜಿಂಕೆ ಬೇಟೆಯ ಜಾಗಗಳಿವೆ. ಹಲವು ಕಡೆ ಅಲ್ಲಿ ಮರವೇ ಕಾಣಸಿಗುವುದಿಲ್ಲ.

ಈಗ ನಮ್ಮ ಊರಿಗೆ ಮರಳಿ ಬನ್ನಿ. ದೇವರಾಯನದುರ್ಗದ ತಪ್ಪಲಿನ ಅಜ್ಜಿ "ಕಾಡಿಗೆ ಹೋಗಿ ಸೌದೆ ತಂದೆ" ಎನ್ನುತ್ತಾಳೆ. "ಫಾರೆಸ್ಟಿಗೆ ಹೋಗಿ ತಂದೆ" ಎನ್ನುವುದಿಲ್ಲ. ಅದೇ ಅಜ್ಜಿ "ಫಾರೆಸ್ಟ್‌ನೋರು ಬಂದವ್ರೆ, ಕುಡುಗೋಲು ಒಳಗಿಡು" ಎಂದು ಮೊಮ್ಮಗಳಿಗೆ ಕೂಗಿ ಹೇಳುತ್ತಾಳೆ. "ಅದು ಫಾರೆಸ್ಟ್ ಜಾಗ ಕಣಪ್ಪ, ಬಾವಿ ತೋಡಂಗಿಲ್ಲ" ಎನ್ನುತ್ತಾಳೆ. ಅವಳ ಮಾತಿನಲ್ಲಿ ಕಾಡು ಎಂದರೆ ಮರ, ಪೊದೆ, ಸೌದೆ, ಕವಳೆಹಣ್ಣು. ಫಾರೆಸ್ಟ್ ಎಂದರೆ ಗಡಿಕಲ್ಲು, ಇಲಾಖೆ, ಕಾನೂನು. ಇಂಗ್ಲಿಷಿನ ಒಂದು ಅಕ್ಷರ ಓದದ ಅಜ್ಜಿ, ಸಾವಿರ ವರ್ಷದ ಹಿಂದಿನ ಅರ್ಥದಲ್ಲೇ ಆ ಪದವನ್ನು ಹಿಡಿದಿದ್ದಾಳೆ. ಅವಳಿಂದ ಕಲಿತ ಈ ಭೇದವೇ ನನ್ನ ಇಡೀ ಪಾಠದ ಬೆನ್ನೆಲುಬು: ಕಣ್ಣಿಗೆ ಕಾಣುವ ಫಾರೆಸ್ಟ್ ಒಂದು, ಕಾಗದದ ಮೇಲಿನ ಫಾರೆಸ್ಟ್ ಇನ್ನೊಂದು.

ಹೆಜ್ಜೆ 3: ಯಾವ ಫಾರೆಸ್ಟ್ ಎಂದು ಪಕ್ಕದ ಪದ ನೋಡಿ ಗುರುತಿಸಿ

ಓದುವಾಗ ಈ ಪದ ಎದುರಾದರೆ ಅಲ್ಲೇ ನಿಂತು ಅದರ ಅಕ್ಕಪಕ್ಕ ನೋಡಿ. "ಡೆನ್ಸ್", "ಡೀಪ್", "ಟ್ರೀಸ್", "ಎಡ್ಜ್", "ಫ್ಲೋರ್" ಇಂಥ ಪದಗಳಿದ್ದರೆ ಅದು ಕಣ್ಣಿನ ಫಾರೆಸ್ಟ್. "ಲ್ಯಾಂಡ್", "ಆ್ಯಕ್ಟ್", "ನೋಟಿಫೈಡ್", "ರಿಸರ್ವ್ಡ್", "ಕ್ಲಿಯರೆನ್ಸ್", "ಡಿಪಾರ್ಟ್‌ಮೆಂಟ್" ಇದ್ದರೆ ಕಾಗದದ ಫಾರೆಸ್ಟ್. "ಕವರ್" ಎಂದಿದ್ದರೆ ಅದು ಮೂರನೆಯದು, ಉಪಗ್ರಹ ಮೇಲಿನಿಂದ ಕಂಡ ಫಾರೆಸ್ಟ್.

ಕಾಗದದ್ದನ್ನು ಮೊದಲು ನೋಡೋಣ. 1927ರ ಭಾರತೀಯ ಅರಣ್ಯ ಕಾಯ್ದೆ, 1963ರ ಕರ್ನಾಟಕ ಅರಣ್ಯ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇವೆಲ್ಲ ಈ ಪದದ ಮೇಲೆ ನಿಂತಿವೆ. ಆದರೂ ಅದರ ಅರ್ಥ ಏನೆಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಗೋದಾವರ್ಮನ್ ಪ್ರಕರಣ ಎಂದು ಹೆಸರಾದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 12ರಂದು ನ್ಯಾಯಾಲಯ ಹೇಳಿದ್ದು ಭಾಷೆ ಕಲಿಸುವವರು ನೆನಪಿಡಬೇಕಾದ ಮಾತು: ಫಾರೆಸ್ಟ್ ಎಂಬ ಪದಕ್ಕೆ ನಿಘಂಟಿನಲ್ಲಿರುವ ಅರ್ಥವನ್ನೇ ಹಿಡಿಯಬೇಕು. ಜೊತೆಗೆ, ಮಾಲೀಕರು ಯಾರೇ ಇರಲಿ, ಸರ್ಕಾರಿ ದಾಖಲೆಯಲ್ಲಿ ಅರಣ್ಯ ಎಂದು ಬರೆದಿರುವ ನೆಲವೂ "ಫಾರೆಸ್ಟ್ ಲ್ಯಾಂಡ್" ಎಂಬುದರೊಳಗೆ ಸೇರುತ್ತದೆ. ನಿಘಂಟಿನ ಅರ್ಥಕ್ಕೆ ಹೊಂದಿಕೊಂಡು, ಅಧಿಸೂಚನೆ ಆಗದೆ ಉಳಿದ ನೆಲಕ್ಕೆ "ಡೀಮ್ಡ್ ಫಾರೆಸ್ಟ್" ಎನ್ನುವುದು ಬಳಕೆಗೆ ಬಂತು. ಕನ್ನಡದಲ್ಲಿ ಪರಿಭಾವಿತ ಅರಣ್ಯ. 2023ರಲ್ಲಿ 1980ರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೂ, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಿ ಎಂದಿತು.

ಹಿರಿಯರಿಗೆ ನಾನು ಹೇಳಿದ್ದು ಇಷ್ಟು: "ಯಜಮಾನ್ರೇ, ಇಲ್ಲಿ ಫಾರೆಸ್ಟ್ ಪಕ್ಕದಲ್ಲಿ ಲ್ಯಾಂಡ್ ಅಂತ ಇದೆ. ನಿಮ್ಮ ಹೊಲದಲ್ಲಿ ಮರ ಇದೆ ಅಂತ ಇವರು ಹೇಳ್ತಿಲ್ಲ. ದಾಖಲೆಯಲ್ಲಿ ಅರಣ್ಯ ಅಂತ ಬರೆದಿದೆ ಅಂತ ಹೇಳ್ತಿದ್ದಾರೆ. ವಾದ ಮಾಡಬೇಕಾದ್ದು ಬೇವಿನ ಮರದ ಮೇಲಲ್ಲ, ದಾಖಲೆ ಮೇಲೆ." ಹಳೆಯ ಪಹಣಿ, ಮಂಜೂರಾತಿ ಪತ್ರ ಹುಡುಕಿಟ್ಟುಕೊಂಡು, ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆಗೆ ಅರ್ಜಿ ಕೊಡುವ ವಿಚಾರವನ್ನು ವಕೀಲರ ಹತ್ತಿರ ಕೇಳಿ ಎಂದೆ. ಪದದ ಅರ್ಥ ತಿಳಿದ ಮಾತ್ರಕ್ಕೆ ಅವರ ಸಂಕಟ ತೀರಲಿಲ್ಲ. ಆದರೆ ಯಾವ ಕಡೆಗೆ ಓಡಾಡಬೇಕು ಎಂಬುದಾದರೂ ಗೊತ್ತಾಯಿತು.

ಇನ್ನು ಉಪಗ್ರಹದ್ದು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಕಾಲಕಾಲಕ್ಕೆ ಕೊಡುವ ವರದಿಯಲ್ಲಿ "ಫಾರೆಸ್ಟ್ ಕವರ್" ಎಂದರೆ, 1 ಹೆಕ್ಟೇರಿಗೆ ಕಡಿಮೆಯಿಲ್ಲದ, ನೆಲದ ಮೇಲೆ ಶೇ 10ರಷ್ಟಾದರೂ ಮರದ ನೆತ್ತಿಯ ನೆರಳು ಬೀಳುವ ಜಾಗ. ಒಡೆಯರು ಯಾರು, ಯಾವ ಜಾತಿಯ ಮರ ಎಂಬುದನ್ನು ಕೇಳುವುದಿಲ್ಲ. ನೆರಳು ಶೇ 70 ದಾಟಿದರೆ ಅತಿ ದಟ್ಟ, 40ರಿಂದ 70 ಇದ್ದರೆ ಮಧ್ಯಮ, 10ರಿಂದ 40 ಇದ್ದರೆ ತೆರೆದ ಅರಣ್ಯ. 10ಕ್ಕಿಂತ ಕಡಿಮೆ ಇರುವ ಕುರುಚಲು ನೆಲ "ಸ್ಕ್ರಬ್". ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಳತೆ ಬೇರೆ: ಅರ್ಧ ಹೆಕ್ಟೇರ್ ಮೀರಿದ ನೆಲ, 5 ಮೀಟರ್ ದಾಟಿದ ಮರಗಳು, ಶೇ 10ಕ್ಕೂ ಹೆಚ್ಚು ನೆರಳು. ಆದರೆ ಹಣ್ಣಿನ ತೋಟದಂಥ ಕೃಷಿಭೂಮಿ ಅದರಲ್ಲಿ ಸೇರುವುದಿಲ್ಲ.

ಈ ಎರಡು ಅಳತೆಗಳನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮೇಲೆ ಇಟ್ಟು ನೋಡಿ. ಕಣ್ಣು ಹಾಯಿಸಿದಷ್ಟು ದೂರ ಮಾವು. ಡೆಹ್ರಾಡೂನಿನ ಲೆಕ್ಕದಲ್ಲಿ ಅಂಥ ತೋಪುಗಳು ಫಾರೆಸ್ಟ್ ಕವರ್ ಆಗಬಲ್ಲವು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಫಾರೆಸ್ಟ್ ಅಲ್ಲ. ಕಾನೂನಿನ ಕಣ್ಣಿನಲ್ಲಿ ಅದು ರೈತರ ಪಟ್ಟಾ ಜಮೀನು. ಮಾವಿನಕಾಯಿ ಕೀಳುವ ಹೆಂಗಸರನ್ನು ಕೇಳಿದರೆ "ತೋಪು" ಎನ್ನುತ್ತಾರೆ. ಪತ್ರಿಕೆಯಲ್ಲಿ "ಅರಣ್ಯ ಹೆಚ್ಚಿದೆ" ಎಂಬ ಸುದ್ದಿ ಬಂದಾಗ ಯಾವ ಫಾರೆಸ್ಟ್ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೆಜ್ಜೆ 4: ನೆಲ ನೋಡಿ ಪದ ಆರಿಸಿ

ಬರೆಯುವಾಗ ಎಲ್ಲಕ್ಕೂ "ಫಾರೆಸ್ಟ್" ಹಾಕಿದರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ಮರಗಳ ನೆಲಕ್ಕೆ ಹತ್ತಾರು ಹೆಸರಿವೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ನಮ್ಮ ಮೂರು ಜಿಲ್ಲೆಗಳನ್ನೇ ಸುತ್ತಿ ಬಂದರೆ ಬಹುಪಾಲು ಕಲಿಯಬಹುದು.

ದೇವರಾಯನದುರ್ಗದ ನಾಮದ ಚಿಲುಮೆಯಿಂದ ಶುರು ಮಾಡಿ. ದೊಡ್ಡ ವಿಸ್ತಾರ, ಎತ್ತರದ ಮರ, ಕೆಳಗೆ ಪೊದೆ, ವನ್ಯಮೃಗ. ಇದಕ್ಕೆ "ಫಾರೆಸ್ಟ್" ಸರಿ. ಬೇಸಿಗೆಯಲ್ಲಿ ಎಲೆ ಉದುರಿಸುವುದರಿಂದ "ಡ್ರೈ ಡೆಸಿಡ್ಯುಅಸ್ ಫಾರೆಸ್ಟ್" ಎಂದರೆ ಇನ್ನೂ ಖಚಿತ. "ರೇನ್‌ಫಾರೆಸ್ಟ್" ಎಂದು ಬರೆಯಬೇಡಿ. ಅದು ಮಳೆ ಬಿಡದೆ ಸುರಿಯುವ ನಿತ್ಯಹರಿದ್ವರ್ಣ ಕಾಡಿಗೆ ಸಲ್ಲುವ ಹೆಸರು.

ಬೆಟ್ಟದಿಂದ ಇಳಿದು ಬಂದರೆ ತಂಗಡಿ, ಕಾರೆ, ಲಾಂಟಾನ, ಜಾಲಿ ತುಂಬಿದ ಕುರುಚಲು ನೆಲ. ಅದು "ಸ್ಕ್ರಬ್". ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಚಿಂಕಾರ ಎಂಬ ಜಿಂಕೆಯಂಥ ಪ್ರಾಣಿಗಳಿಗಾಗಿ 2019ರಲ್ಲಿ ಘೋಷಿಸಿದ ವನ್ಯಧಾಮವಿದೆ. ಅಲ್ಲಿ ಕುರುಚಲೂ ಉಂಟು, ಮರ ಬಿಡಿಬಿಡಿಯಾಗಿ ನಿಂತು ನಡುವೆ ಬಿಸಿಲು ನೆಲಕ್ಕೆ ಬೀಳುವ ಜಾಗವೂ ಉಂಟು. ಹಾಗೆ ತೆರಪಾಗಿರುವ ಮರಗಾಡಿಗೆ "ವುಡ್‌ಲ್ಯಾಂಡ್" ಎಂಬ ಪದ ಚೆನ್ನಾಗಿ ಒಪ್ಪುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಸುಮಾರು 800 ಎಕರೆ ನೆಲವನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ಆದರೆ ಕೃಷ್ಣಮೃಗಕ್ಕೆ ಬೇಕಾದ್ದು ಬಯಲು. ಕಣ್ಣಿಗೆ ಅದು "ಗ್ರಾಸ್‌ಲ್ಯಾಂಡ್". ಇಂಥ ಕಡೆ "ಫಾರೆಸ್ಟ್" ಎಂಬ ಪದವನ್ನು ಮರ ಎಂದೇ ಹಿಡಿದು ಗಿಡ ನೆಟ್ಟರೆ ಜಿಂಕೆಯ ಮನೆಯೇ ಹಾಳಾಗುತ್ತದೆ. ಪದದ ತಪ್ಪು ನೆಲಕ್ಕೂ ತಟ್ಟಬಲ್ಲದು.

ಮುಂದಿನದು "ಗ್ರೋವ್". ಇದು ನಮ್ಮ "ತೋಪು". ಹೆಚ್ಚಾಗಿ ಒಂದೇ ಜಾತಿಯ ಮರ, ಕೆಳಗೆ ಪೊದೆಯಿಲ್ಲದೆ ಚೊಕ್ಕಟ, ನೆರಳಲ್ಲಿ ಕೂರಬಹುದು. ಊರ ಮುಂದಿನ ಗುಂಡುತೋಪು ಗ್ರೋವ್. ಚಿಕ್ಕಬಳ್ಳಾಪುರದ ಗಡಿ ದಾಟಿದ ಕೂಡಲೇ ಸಿಗುವ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇಂಗ್ಲಿಷಿನಲ್ಲಿ ಅದು "ಟ್ಯಾಮರಿಂಡ್ ಗ್ರೋವ್". ದೇವರ ಕಾಡಿಗೆ "ಸೇಕ್ರೆಡ್ ಗ್ರೋವ್" ಎನ್ನುತ್ತಾರೆ. ತಿಪಟೂರಿನ ತೆಂಗಿನ ತೋಟವನ್ನು ನಮ್ಮ ಮಕ್ಕಳೆಲ್ಲ "ಕೋಕೊನಟ್ ಗಾರ್ಡನ್" ಎಂದು ಬರೆಯುತ್ತಾರೆ. ನಾನೂ ಹಾಗೇ ಬರೆಯುತ್ತಿದ್ದೆ. ಹೊರಗಿನ ಇಂಗ್ಲಿಷಿನಲ್ಲಿ ಗಾರ್ಡನ್ ಎಂದರೆ ಮನೆ ಮುಂದಿನ ಹೂದೋಟ. ತೆಂಗಿಗೆ "ಕೋಕೊನಟ್ ಗ್ರೋವ್" ಎನ್ನಿ, ಮಾವಿಗೆ "ಮ್ಯಾಂಗೊ ಆರ್ಚರ್ಡ್" ಎನ್ನಿ. ಹಣ್ಣಿಗಾಗಿ ಸಾಲುಹಿಡಿದು ಬೆಳೆಸಿದ್ದು ಆರ್ಚರ್ಡ್.

ಕೋಲಾರದ ನೀಲಗಿರಿ ಮರಗಳಿಗೆ ಬಂದರೆ, ಮರಮುಟ್ಟಿಗೆಂದು ನೆಟ್ಟು ಬೆಳೆಸಿದ ಅದು "ಪ್ಲಾಂಟೇಶನ್". ಅಂತರ್ಜಲದ ಚಿಂತೆಯಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಈ ನೀಲಗಿರಿಯೇ ನಮಗೆ ಇನ್ನೊಂದು ಪದ ಕಲಿಸುತ್ತದೆ. ಬುಡ ಬಿಟ್ಟು ಕಡಿದರೆ ಅದು ಕಬ್ಬಿನ ಕೂಳೆಯಂತೆ ಮತ್ತೆ ಚಿಗುರುತ್ತದೆ. ಹಾಗೆ ಕಡಿದು ಚಿಗುರಿಸುವುದಕ್ಕೆ ಇಂಗ್ಲಿಷಿನಲ್ಲಿ "ಕಾಪಿಸ್". ಹಾಗೆ ಕಡಿಸಿಕೊಳ್ಳುತ್ತಿದ್ದ ಸಣ್ಣ ಮರಗಾಡಿಗೆ ಅದೇ ಪದ ಸವೆದು "ಕಾಪ್ಸ್" ಆಯಿತು. ಇಂಗ್ಲಿಷ್ ಕತೆಗಳಲ್ಲಿ ಎದುರಾದರೆ ಕೂಳೆಯನ್ನು ನೆನೆದುಕೊಳ್ಳಿ, ಮರೆಯುವುದಿಲ್ಲ.

ತುಮಕೂರಿನ ಹತ್ತಿರದ ನಾಗವಲ್ಲಿ ಕಾಡುಪಾಪಗಳಿಗೆ ಹೆಸರಾದ ಊರು. ದುಂಡುಗಣ್ಣಿನ ಆ ಪುಟ್ಟ ಜೀವಕ್ಕೆ ಹೆಸರಿನಲ್ಲೇ ಕಾಡಿದೆ, ಆದರೆ ಅದು ಅಲ್ಲಿ ಬದುಕುವುದು ಊರಂಚಿನ ಬೇಲಿಸಾಲು, ತೋಪು, ಪೊದೆಗಳಲ್ಲಿ. ಬೇಲಿಸಾಲು "ಹೆಜ್", ಒತ್ತಾಗಿ ಹೆಣೆದುಕೊಂಡ ಪೊದೆ ಅಥವಾ ಮೆಳೆ "ಥಿಕೆಟ್". ಕಾಡುಪಾಪದ ಬಗ್ಗೆ ಬರೆಯುವವರು ಈ ಪದಗಳನ್ನು ಬಳಸದೆ "ಲಿವ್ಸ್ ಇನ್ ಫಾರೆಸ್ಟ್" ಎಂದು ಬರೆದರೆ, ಬೇಲಿ ಕಡಿದು ತಂತಿ ಎಳೆಯುವವರಿಗೆ ಅದರಿಂದಾಗುವ ಹಾನಿ ಹೊಳೆಯುವುದೇ ಇಲ್ಲ.

"ಜಂಗಲ್" ವಿಚಾರಕ್ಕೆ ಬಂದರೆ ಅದು ನಮ್ಮಿಂದಲೇ ಹೋದ ಪದ. ಸಂಸ್ಕೃತದ "ಜಾಂಗಲ" ಎಂದರೆ ನೀರು ಕಡಿಮೆ ಇರುವ, ಮರ ವಿರಳವಾದ ಒಣನೆಲ. ಆಯುರ್ವೇದದಲ್ಲಿ ಜೌಗಿನ "ಆನೂಪ" ದೇಶಕ್ಕೆ ಎದುರಾಗಿ "ಜಾಂಗಲ" ದೇಶವನ್ನು ಹೇಳುತ್ತಾರೆ. ಆ ಲೆಕ್ಕದಲ್ಲಿ ಪಾವಗಡವೇ ಅಸಲಿ ಜಾಂಗಲ. ಹಿಂದಿಯ ಮೂಲಕ ಇಂಗ್ಲಿಷಿಗೆ ಹೋದ ಮೇಲೆ ಅರ್ಥ ತಿರುಗಿಬಿದ್ದು, ಈಗ "ಜಂಗಲ್" ಎಂದರೆ ಬಳ್ಳಿ ಹೆಣೆದ, ಬೆಳಕು ತೂರದ ಉಷ್ಣವಲಯದ ಕಾಡು. ಆದ್ದರಿಂದ ನಮ್ಮ ಬೆಟ್ಟಗಳನ್ನು ಜಂಗಲ್ ಎಂದು ಬರೆಯಬೇಡಿ. ವಿದ್ಯುತ್ ತಂತಿ ಕೆಳಗೆ, ಕಾಲುವೆ ದಂಡೆಯಲ್ಲಿ ಗಿಡಗಂಟಿ ಸವರುವುದಕ್ಕೆ ನಮ್ಮಲ್ಲಿ "ಜಂಗಲ್ ಕಟಿಂಗ್" ಎನ್ನುತ್ತಾರಲ್ಲ, ಅದು ನಮ್ಮ ನಾಡಿನ ಬಳಕೆ. ಹೊರದೇಶದವರಿಗೆ ಬರೆಯುವಾಗ "ಕ್ಲಿಯರಿಂಗ್ ದ ಬ್ರಶ್" ಎನ್ನಬೇಕು.

ಹೆಜ್ಜೆ 5: ವುಡ್, ಎ ವುಡ್, ದ ವುಡ್ಸ್

ಹುಡುಗಿಯ ವಾಕ್ಯ ಎಡವಿದ್ದು ಇಲ್ಲೇ. "ವುಡ್" ಒಂಟಿಯಾಗಿ, ಹಿಂದೆ ಮುಂದೆ ಏನೂ ಇಲ್ಲದೆ ಬಂದರೆ ಕಟ್ಟಿಗೆ, ಮರಮುಟ್ಟು. ಅದನ್ನು ಎಣಿಸುವಂತಿಲ್ಲ, ನೀರು ಹಾಲಿನಂತೆ. ಶ್ರೀಗಂಧದ "ಸ್ಯಾಂಡಲ್‌ವುಡ್" ಈ ಗುಂಪಿಗೆ ಸೇರಿದ್ದು. "ಎ ವುಡ್" ಎಂದರೆ ಸಣ್ಣದೊಂದು ಮರಗಾಡು, ಇದು ಬ್ರಿಟಿಷರ ಬಳಕೆ. "ದ ವುಡ್ಸ್" ಎಂದರೂ ಮರಗಾಡೇ. ಬಹುವಚನದ ರೂಪವಿದ್ದರೂ ಒಂದೇ ಕಾಡಿಗೆ ಹೇಳಬಹುದು, ಅಮೆರಿಕದವರಿಗೆ ಇದೇ ಹೆಚ್ಚು ರೂಢಿ. ಸೌದೆಗೆ "ಫೈರ್‌ವುಡ್". ಆದ್ದರಿಂದ ಅವಳ ವಾಕ್ಯ ಹೀಗಾಗಬೇಕು: "ಮೈ ಗ್ರ್ಯಾಂಡ್‌ಮದರ್ ವೆಂಟ್ ಟು ದ ಫಾರೆಸ್ಟ್ ಅಂಡ್ ಬ್ರಾಟ್ ಬ್ಯಾಕ್ ಫೈರ್‌ವುಡ್."

ಫಾರೆಸ್ಟಿನ ಮುಂದೆ "ದ" ಯಾಕೆ ಎಂದು ಪ್ರತಿ ವರ್ಷ ಕೇಳುತ್ತಾರೆ. ಕನ್ನಡದಲ್ಲಿ "ಕಾಡಿಗೆ ಹೋದಳು" ಎಂದರೆ ಸಾಕು, ಯಾವ ಕಾಡು ಎಂದು ಕೇಳುವವನಿಗೂ ಗೊತ್ತು. ಆ "ಗೊತ್ತು" ಎಂಬುದನ್ನೇ ಇಂಗ್ಲಿಷಿನವರು "ದ" ಎಂದು ಬಾಯಿಬಿಟ್ಟು ಹೇಳುತ್ತಾರೆ. ಮೊದಲ ಸಲ ಪರಿಚಯಿಸುವಾಗ "ಎ ಫಾರೆಸ್ಟ್": "ದೇರ್ ಈಸ್ ಎ ಫಾರೆಸ್ಟ್ ನಿಯರ್ ಅವರ್ ವಿಲೇಜ್." ಆಮೇಲೆಲ್ಲ "ದ ಫಾರೆಸ್ಟ್". ವಿಸ್ತೀರ್ಣ ಹೇಳುವಾಗ ಏನೂ ಬೇಡ: "ಟೆನ್ ಏಕರ್ಸ್ ಆಫ್ ಫಾರೆಸ್ಟ್." ಒಳಗೆ ಇರುವುದಕ್ಕೆ "ಇನ್", ಹೊರಗಿನಿಂದ ಒಳಹೋಗುವುದಕ್ಕೆ "ಇಂಟು", ಹಾದು ಹೋಗುವುದಕ್ಕೆ "ಥ್ರೂ", ಅಂಚಿಗೆ "ಅಟ್ ದ ಎಡ್ಜ್ ಆಫ್". ದಟ್ಟ ಎನ್ನಲು "ಡೆನ್ಸ್" ಅಥವಾ "ಥಿಕ್". ಕಾಡ್ಗಿಚ್ಚು "ಫಾರೆಸ್ಟ್ ಫೈರ್".

ಹೆಜ್ಜೆ 6: ಮಕ್ಕಳು ಮೊಮ್ಮಕ್ಕಳು

ಇದು ಬೇಗ ಮುಗಿಯುತ್ತದೆ. ಕಾಡು ಬೆಳೆಸಿ ನೋಡಿಕೊಳ್ಳುವ ವಿದ್ಯೆ "ಫಾರೆಸ್ಟ್ರಿ", ಆ ಕೆಲಸ ಮಾಡುವವರು "ಫಾರೆಸ್ಟರ್". ಕಾಡು ಕಡಿದು ಬೋಳು ಮಾಡುವುದು "ಡಿಫಾರೆಸ್ಟೇಶನ್". ಇಲ್ಲದ ಕಡೆ ಬೆಳೆಸುವುದು "ಅಫಾರೆಸ್ಟೇಶನ್", ಇದ್ದು ಹಾಳಾದ ಕಡೆ ಮತ್ತೆ ಬೆಳೆಸುವುದು "ರೀಫಾರೆಸ್ಟೇಶನ್". ಕೊನೆಯ ಎರಡನ್ನು ಪರೀಕ್ಷೆಯಲ್ಲಿ ಅದಲು ಬದಲು ಮಾಡುವವರೇ ಹೆಚ್ಚು. ಅಂದಹಾಗೆ ಬೇಕರಿಯ "ಬ್ಲ್ಯಾಕ್ ಫಾರೆಸ್ಟ್" ಕೇಕಿನ ಹೆಸರಿನಲ್ಲಿರುವುದು ಜರ್ಮನಿಯ ಒಂದು ಬೆಟ್ಟಸೀಮೆ.

ಹೆಜ್ಜೆ 7: ನುಡಿಗಟ್ಟುಗಳು

"ನಾಟ್ ಔಟ್ ಆಫ್ ದ ವುಡ್ಸ್ ಯೆಟ್" ಎಂದು ಡಾಕ್ಟರು ಹೇಳಿದರೆ ರೋಗಿಗೆ ಗಂಡಾಂತರ ಇನ್ನೂ ಕಳೆದಿಲ್ಲ ಎಂದರ್ಥ. "ಇನ್ ಅವರ್ ನೆಕ್ ಆಫ್ ದ ವುಡ್ಸ್" ಎಂದರೆ ನಮ್ಮ ಕಡೆ, ನಮ್ಮ ಸೀಮೆಯಲ್ಲಿ. ಬಿಡಿ ವಿವರಗಳಲ್ಲೇ ಮುಳುಗಿ ಒಟ್ಟು ವಿಷಯ ಕಾಣದವನಿಗೆ ಬ್ರಿಟಿಷರು "ಕಾಂಟ್ ಸೀ ದ ವುಡ್ ಫಾರ್ ದ ಟ್ರೀಸ್" ಎನ್ನುತ್ತಾರೆ, ಅಮೆರಿಕದವರು ಅಲ್ಲಿ "ಫಾರೆಸ್ಟ್" ಹಾಕುತ್ತಾರೆ. ಕಾಂಕ್ರೀಟ್ ಕಾಡಿಗೆ "ಕಾಂಕ್ರೀಟ್ ಜಂಗಲ್" ಎಂದೇ ಹೇಳಬೇಕು. ನಮ್ಮ "ಅರಣ್ಯರೋದನ"ಕ್ಕೆ ಇಂಗ್ಲಿಷಿನಲ್ಲಿ ಹತ್ತಿರದ ಮಾತು "ಎ ವಾಯ್ಸ್ ಇನ್ ದ ವಿಲ್ಡರ್ನೆಸ್". ಅಲ್ಲೂ ಫಾರೆಸ್ಟ್ ಬರುವುದಿಲ್ಲ.

ಹೆಜ್ಜೆ 8: ಕನ್ನಡದ ಕಾಡನ್ನು ಇಂಗ್ಲಿಷಿಗೆ ದಾಟಿಸುವುದು

ಇದು ಕೊನೆಯ ಹೆಜ್ಜೆ, ಎಲ್ಲಕ್ಕಿಂತ ಕಷ್ಟದ್ದು. ಕನ್ನಡದಲ್ಲಿ "ಕಾಡು" ಬೇರೊಂದು ಪದದ ಮುಂದೆ ಕೂತಾಗ ಬಹಳ ಸಲ ಪಳಗದ್ದು ಎಂಬ ಅರ್ಥ ಕೊಡುತ್ತದೆ. ಆಗ ಇಂಗ್ಲಿಷಿನಲ್ಲಿ "ವೈಲ್ಡ್" ಬರುತ್ತದೆ. ಕಾಡುಹಂದಿ "ವೈಲ್ಡ್ ಬೋರ್", ಕಾಡುಮಲ್ಲಿಗೆ "ವೈಲ್ಡ್ ಜ್ಯಾಸ್ಮಿನ್". ಕಾಡುಕೋಳಿ ಮಾತ್ರ "ಜಂಗಲ್‌ಫೌಲ್". ಕಾಡುಹರಟೆಗೆ ಕಾಡಿನ ಸಂಬಂಧವೇ ಇಲ್ಲ, "ಐಡಲ್ ಟಾಕ್" ಎಂದರೆ ಸಾಕು. ಪೀಡಿಸು ಎಂಬ ಅರ್ಥದ ಕ್ರಿಯಾಪದ "ಕಾಡು" ಬೇರೆಯೇ. "ಆ ನೆನಪು ಕಾಡುತ್ತದೆ" ಎಂಬುದಕ್ಕೆ "ಹಾಂಟ್ಸ್".

ತರಗತಿಯಲ್ಲಿ ಕೊನೆಗೆ ನಾನು ಒಂದು ಗಾದೆ ಕೊಟ್ಟು ಇಂಗ್ಲಿಷಿಗೆ ತನ್ನಿ ಎನ್ನುತ್ತೇನೆ: "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ." ವಯಸ್ಸಾದವರು ತಮ್ಮ ಬಗ್ಗೆ ತಾವೇ ಆಡಿಕೊಳ್ಳುವ ಮಾತಿದು. ಮಕ್ಕಳ ಮೊದಲ ಉತ್ತರ ಯಾವಾಗಲೂ ಒಂದೇ: "ದ ವಿಲೇಜ್ ಸೇಸ್ ಗೋ, ದ ಫಾರೆಸ್ಟ್ ಸೇಸ್ ಕಮ್." ವ್ಯಾಕರಣ ಸರಿಯಾಗಿದೆ. ಆದರೆ ಹೊರಗಿನವರು ಓದಿದರೆ ಅಜ್ಜನಿಗೆ ಮರಗಳ ನಡುವೆ ತಿರುಗಾಡುವ ಆಸೆ ಹುಟ್ಟಿದೆ ಎಂದುಕೊಳ್ಳುತ್ತಾರೆ. ಇಲ್ಲಿನ ಕಾಡು ಯಾವುದು ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಮೆಲ್ಲಗೆ "ಸುಡುಗಾಡು ಸಾರ್" ಎನ್ನುತ್ತಾರೆ. ಹೌದು, ಸುಡು ಮತ್ತು ಕಾಡು ಸೇರಿ ಸುಡುಗಾಡು. ಮರವಿಲ್ಲದ, ಊರಾಚೆಯ ಕಾಡು ಅದು. "ಫಾರೆಸ್ಟ್" ಎಂಬುದಕ್ಕೂ ಹುಟ್ಟಿನಲ್ಲಿ ಇದ್ದದ್ದು ಆ ಊರಾಚೆಯ ಅರ್ಥವೇ, ಆದರೆ ಇಂದು ಅದನ್ನು ಓದುವವರ ಕಿವಿಗೆ ಆ ಅರ್ಥ ಕೇಳಿಸುವುದಿಲ್ಲ. ಹೋದ ವರ್ಷ ಒಬ್ಬ ಹುಡುಗಿ ಬೋರ್ಡಿನ ಮೇಲೆ "ಫಾರೆಸ್ಟ್" ಒರೆಸಿ ಹೀಗೆ ಬರೆದಳು: "ದ ವಿಲೇಜ್ ಸೇಸ್ ಗೋ, ದ ಬರಿಯಲ್ ಗ್ರೌಂಡ್ ಸೇಸ್ ಕಮ್." ಗಾದೆಯ ಸೊಗಸು ಸ್ವಲ್ಪ ಹೋಯಿತು, ಅರ್ಥ ಪೂರ್ತಿ ಬಂತು. ನಾನು ಅದಕ್ಕೆ ಪೂರ್ಣ ಅಂಕ ಕೊಟ್ಟೆ.